ಕರೆಯುವವರು, ಆರಿಸುವವರು, ಕಲಿಸುವವರು

ಪಾರಸಿಯಿಂದ ಬಂದು ನಮ್ಮ ಸೀಮೆಯ ಕನ್ನಡದಲ್ಲಿ ನೆಲೆನಿಂತಿರುವ ಮಾತುಗಳಲ್ಲಿ ‘ಉಮೇದುವಾರ’ ಎಂಬುದೊಂದು. ಉಮೇದು ಎಂದರೆ ಆಸೆ, ಭರವಸೆ. ಅದನ್ನು ಹೊತ್ತುಕೊಂಡು ಬಂದವನೇ ಉಮೇದುವಾರನು. ಹಿಂದಿನ ಕಾಲದ ಕಚೇರಿಗಳಲ್ಲಿ ಸಂಬಳವಿಲ್ಲದೆ ಕಾಗದಪತ್ರಗಳನ್ನು ನಕಲು ಮಾಡುತ್ತ, ಹಿರಿಯ ಗುಮಾಸ್ತರ ಕೈಕೆಳಗೆ ಕೆಲಸ ಕಲಿಯುತ್ತ, ಒಂದು ಸ್ಥಳವು ಎಂದು ತೆರವಾದೀತೆಂದು ಕಾದುಕೊಂಡಿರುವವನಿಗೆ ಈ ಹೆಸರು ಸಲ್ಲುತ್ತಿದ್ದಿತು. ಸಂಸ್ಕೃತವನ್ನು ಕಲಿತವರು ಅವನನ್ನೇ ‘ಅಭ್ಯರ್ಥಿ’ ಎಂದು ಕರೆದರು. ಅದರ ಅರ್ಥ ಬೇಡುವವನು. ಒಬ್ಬನೇ ಮನುಷ್ಯನನ್ನು ಒಂದು ಭಾಷೆಯು ಅವನ ಅಂತಃಕರಣದ ಕಡೆಯಿಂದ ನೋಡಿ ಹೆಸರಿಟ್ಟಿತು, ಮತ್ತೊಂದು ಭಾಷೆಯು ಅವನ ಚಾಚಿದ ಕೈಯನ್ನು ನೋಡಿ ಹೆಸರಿಟ್ಟಿತು. ಹುಟ್ಟಿನಿಂದ ಸಂಸ್ಕೃತಪಕ್ಷಪಾತಿಗಳಾದ ನಾವು ಕೂಡ ಇಲ್ಲಿ ಪಾರಸಿಯ ಮಾತೇ ಮೇಲೆಂದು ಒಪ್ಪಿಕೊಳ್ಳಬೇಕಾಗಿದೆ.

ಇದನ್ನು ಈಗ ಬರೆಯುವುದಕ್ಕೆ ಕಾರಣವುಂಟು. ಮೂವತ್ತಮೂರು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತರಾಗಿ ಕಲಬುರಗಿಯ ಶಹಾಬಜಾರದಲ್ಲಿ ಕಾಲ ಕಳೆಯುತ್ತಿರುವ ನಮ್ಮ ಮನೆಯ ಪಡಸಾಲೆಗೆ ವಾರಕ್ಕೆ ಇಬ್ಬರು ಮೂವರಾದರೂ ಉಮೇದುವಾರರು ಬರುತ್ತಾರೆ. ಒಬ್ಬನಿಗೆ ಅರ್ಜಿಯ ಒಕ್ಕಣೆ ತಿದ್ದಿಕೊಡಬೇಕು. ಇನ್ನೊಬ್ಬಳಿಗೆ ನಡತೆಯ ಪತ್ರ ಬೇಕು. ಮತ್ತೊಬ್ಬನಿಗೆ, ಮೊನ್ನೆಯ ಸಂದರ್ಶನದಲ್ಲಿ ತಾನು ಹೇಳಿದ ಉತ್ತರವು ಸರಿಯೋ ತಪ್ಪೋ ಎಂಬುದನ್ನು ಯಾರಾದರೂ ಹೇಳಿದರೆ ಸಾಕು. ಇವರೆಲ್ಲರೂ ಸರಕಾರದ ನೌಕರಿಯನ್ನೇ ಬಯಸುವವರಲ್ಲ. ಸಂವಿಧಾನದ 371ನೆಯ ‘ಜೆ’ ವಿಧಿಯು 2013ರಲ್ಲಿ ಜಾರಿಗೆ ಬಂದಂದಿನಿಂದ ನಮ್ಮ ಭಾಗದ ಮಕ್ಕಳಿಗೆ ಸರಕಾರದ ಸ್ಥಳಗಳಲ್ಲಿ ಹೆಚ್ಚಿನ ಪಾಲು ದೊರೆಯುತ್ತಿರುವುದು ನಿಜ. ಆದರೂ ಎಲ್ಲರಿಗೂ ಸರಕಾರವೇ ಅನ್ನವಿಕ್ಕಲಾರದು. ಅಂಗಡಿ, ಗಿರಣಿ, ಕಾರಖಾನೆ, ಬ್ಯಾಂಕು, ಆಸ್ಪತ್ರೆ, ಗಣಕಯಂತ್ರದ ಕಂಪನಿ ಇವುಗಳ ಬಾಗಿಲಲ್ಲಿಯೇ ಬಹುಮಂದಿ ನಿಲ್ಲಬೇಕಾಗುತ್ತದೆ. ಆ ಬಾಗಿಲುಗಳು ಹೇಗೆ ತೆರೆಯುತ್ತವೆ, ತೆರೆದ ಮೇಲೆ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮನೆಯ ಹಿರಿಯರೂ ಗೃಹಿಣಿಯರೂ ಕೂಡ ತಿಳಿದಿರುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ವ್ಯಾಪಾರಿಯು ಕೆಲಸಗಾರನನ್ನು ಪಡೆಯುವ ಕಾರ್ಯದಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಕರೆಯುವುದು, ಎರಡನೆಯದು ಆರಿಸುವುದು, ಮೂರನೆಯದು ಕಲಿಸುವುದು. ನಾವು ಬಲ್ಲ ಅರ್ಧಶತಮಾನದಲ್ಲಿ ಮೊದಲನೆಯ ಎರಡರಲ್ಲಿ ಅತಿಶಯವಾದ ಬದಲಾವಣೆಯಾಗಿದೆ. ಮೂರನೆಯದರ ಬಗೆಗೆ ಮಾತ್ರ ಅಷ್ಟು ಧೈರ್ಯದಿಂದ ಹೇಳಲಾರೆವು.

ನಮ್ಮ ಬಾಲ್ಯದಲ್ಲಿ, ಅಂದರೆ 1970ರ ಆಚೀಚಿನ ವರ್ಷಗಳಲ್ಲಿ, ಈ ಊರಿನ ಗಂಜಿನಲ್ಲಿ ಅಡತಿ ಅಂಗಡಿಗಳವರು ಹುಡುಗರನ್ನು ಇಟ್ಟುಕೊಳ್ಳುತ್ತಿದ್ದ ಬಗೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪ್ರಕಟಣೆಯೆಂಬುದಿರಲಿಲ್ಲ. ಯಾರೋ ಒಬ್ಬ ಪರಿಚಯದವರು ಏಳನೆಯ ಇಯತ್ತೆ ಮುಗಿಸಿದ ಹುಡುಗನನ್ನು ಕರೆತಂದು, ‘ನಮ್ಮವನು, ನಂಬಿಗಸ್ಥ’ ಎಂದು ಹೇಳಿ ಬಿಟ್ಟುಹೋಗುವರು. ಹುಡುಗನು ಮೊದಲ ಆರು ತಿಂಗಳು ಅಂಗಡಿಯ ಕಸ ಗುಡಿಸುವನು, ಕೊಡದಲ್ಲಿ ನೀರು ತುಂಬಿಡುವನು, ಬಂದ ರೈತರಿಗೆ ಚಹ ತಂದುಕೊಡುವನು. ಆಮೇಲೆ ಚೀಲದಿಂದ ತೊಗರಿಯ ಮಾದರಿ ತೆಗೆಯುವುದನ್ನು ಕಲಿಯುವನು. ಕಾಳನ್ನು ಅಂಗೈಯಲ್ಲಿ ಹರಡಿ ಬಣ್ಣ ನೋಡಬೇಕು, ಹಲ್ಲಿನಿಂದ ಕಡಿದು ಹಸಿಯನ್ನು ತಿಳಿಯಬೇಕು, ಊದಿ ಜೊಳ್ಳು ಎಷ್ಟೆಂಬುದನ್ನು ಅಂದಾಜು ಮಾಡಬೇಕು. ಎರಡನೆಯ ವರ್ಷ ತೂಕದ ಚೀಟಿ, ಮೂರನೆಯ ವರ್ಷ ರೋಜಕೀರ್ದಿ, ಐದನೆಯ ವರ್ಷ ಖತಾವಣಿ. ಹತ್ತು ಹನ್ನೆರಡು ದೀಪಾವಳಿಗಳ ಹೊಸ ಪುಸ್ತಕಪೂಜೆ ಕಂಡ ಮೇಲೆ ಅವನೇ ಮುನೀಮನಾಗಿ ಗಾದಿಯ ಮೇಲೆ ಕುಳಿತುಕೊಳ್ಳುವನು. ಎಂದು ಅವನ ಆಯ್ಕೆಯಾಯಿತು, ಎಂದು ಅವನ ತರಬೇತಿ ಮುಗಿಯಿತು ಎಂದು ಕೇಳಿದರೆ ಯಜಮಾನನೂ ಹೇಳಲಾರನು. ಆರಿಸುವುದೂ ಕಲಿಸುವುದೂ ಒಂದೇ ಕೆಲಸವಾಗಿದ್ದವು.

ಆ ಯಜಮಾನರಲ್ಲಿ ಕೆಲವರು ಒಂದು ಯುಕ್ತಿಯನ್ನೂ ಮಾಡುತ್ತಿದ್ದರು. ಗಾದಿಯ ಅಂಚಿನಲ್ಲಿ ಒಂದು ನೋಟನ್ನೋ ಕೆಲವು ನಾಣ್ಯಗಳನ್ನೋ ಮರೆತವರಂತೆ ಬಿಟ್ಟು ಹೊರಗೆ ಹೋಗುವರು. ಕಸ ಗುಡಿಸುವ ಹುಡುಗನು ಅದನ್ನು ಎತ್ತಿಟ್ಟು ಹೇಳುವನೋ ಜೇಬಿಗಿಳಿಸುವನೋ ಎಂಬುದೇ ಪರೀಕ್ಷೆ. ಇದನ್ನು ಕೇಳಿದಾಗಲೆಲ್ಲ ನಮಗೆ ಕೌಟಿಲ್ಯನ ಅರ್ಥಶಾಸ್ತ್ರವು ನೆನಪಾಗುತ್ತಿದ್ದಿತು. ಬಹುಕಾಲ ಕಾಣೆಯಾಗಿದ್ದ ಆ ಗ್ರಂಥದ ಓಲೆಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಮಾಡಿಸಿದ ಕೀರ್ತಿಯು ಪಂಡಿತ ಆರ್. ಶಾಮಶಾಸ್ತ್ರಿಗಳದು. ಅಮಾತ್ಯರನ್ನು ನೇಮಿಸುವ ಮೊದಲು ಅವರ ಶುದ್ಧಿಯನ್ನು ನಾಲ್ಕು ವಿಧದಿಂದ ಪರೀಕ್ಷಿಸಬೇಕೆಂದು ಅದರಲ್ಲಿ ಹೇಳಿದೆ: ಧರ್ಮದ ನೆವದಿಂದ, ಹಣದ ನೆವದಿಂದ, ಕಾಮದ ನೆವದಿಂದ, ಭಯದ ನೆವದಿಂದ. ಯಾವ ಪರೀಕ್ಷೆಯಲ್ಲಿ ಯಾರು ನಿಂತರೋ ಅವರಿಗೆ ಅದಕ್ಕೆ ತಕ್ಕ ಕೆಲಸ. ಹಣದ ಪರೀಕ್ಷೆಯಲ್ಲಿ ಗೆದ್ದವನಿಗೆ ಬೊಕ್ಕಸ, ಧರ್ಮದ ಪರೀಕ್ಷೆಯಲ್ಲಿ ಗೆದ್ದವನಿಗೆ ನ್ಯಾಯಸ್ಥಾನ. ಯಾವುದರಲ್ಲಿಯೂ ನಿಲ್ಲದವನನ್ನೂ ಕೌಟಿಲ್ಯನು ಹೊರಗಟ್ಟುವುದಿಲ್ಲ. ಗಣಿಗೋ ಅಡವಿಗೋ ಕಳುಹಿಸುತ್ತಾನೆ. ಆದರೆ ಅದೇ ಅಧ್ಯಾಯದ ಕೊನೆಗೆ ಅವನು ಒಂದು ಎಚ್ಚರಿಕೆಯನ್ನೂ ಕೊಟ್ಟಿರುವನು. ಶುದ್ಧವಾದ ನೀರಿಗೆ ವಿಷವನ್ನು ಹಾಕಿ ಪರೀಕ್ಷಿಸುವಂತೆ, ಕೆಡದವನನ್ನು ಪರೀಕ್ಷೆಯ ಹೆಸರಿನಿಂದ ಕೆಡಿಸಬಾರದು. ಒಮ್ಮೆ ಕೆಟ್ಟ ಬುದ್ಧಿಗೆ ಆಮೇಲೆ ಔಷಧವು ಸಿಕ್ಕದೆ ಹೋದೀತು ಎಂಬುದು ಅದರ ತಾತ್ಪರ್ಯ. ಆರಿಸುವವನಿಗೂ ಒಂದು ಧರ್ಮವುಂಟು ಎಂಬುದನ್ನು ಇಷ್ಟು ಹಿಂದೆಯೇ ಹೇಳಿಟ್ಟಿರುವುದು ಆಶ್ಚರ್ಯಕರವಾಗಿದೆ.

ಹಳೆಯದೆಲ್ಲವೂ ಹೊನ್ನೆಂದು ಹೇಳುವವರ ಸಾಲಿಗೆ ನಾವು ಸೇರಿದವರಲ್ಲ. ಗಂಜಿನ ಆ ಪದ್ಧತಿಯಲ್ಲಿ ‘ನಮ್ಮವನು’ ಎಂಬ ಒಂದು ಮಾತಿತ್ತಷ್ಟೆ. ಆ ಮಾತಿನ ಹೊರಗೆ ಉಳಿದವರ ಗತಿಯೇನು? ಪರಿಚಯದವರಿಲ್ಲದ ಹುಡುಗನು ಅಂಗಡಿಯ ಮೆಟ್ಟಿಲನ್ನು ಕೂಡ ಹತ್ತುವಂತಿರಲಿಲ್ಲ. ಇಂತಿಂಥ ಜಾತಿಯವನು ಹಮಾಲಿಗೆ, ಇಂತಿಂಥ ಜಾತಿಯವನು ಲೆಕ್ಕಕ್ಕೆ ಎಂದು ಹುಟ್ಟಿನಲ್ಲಿಯೇ ಆಯ್ಕೆಯು ಮುಗಿದುಹೋಗಿರುತ್ತಿದ್ದಿತು. ಹೆಣ್ಣುಮಕ್ಕಳ ಮಾತನ್ನಂತೂ ಯಾರೂ ಎತ್ತುತ್ತಿರಲಿಲ್ಲ. ಚೀಲ ಹೊರುವವನ ಮಗನು ಲೆಕ್ಕದಲ್ಲಿ ಎಷ್ಟೇ ಚುರುಕಾಗಿದ್ದರೂ ಚೀಲವನ್ನೇ ಹೊತ್ತು ಮುದುಕನಾದದ್ದನ್ನು ನಾವು ಬಲ್ಲೆವು.

ಗಿರಣಿಗಳ ಕಥೆಯು ಇದಕ್ಕಿಂತ ಕಠಿನವಾದದ್ದು. ನಮ್ಮ ಊರಿನಲ್ಲಿ ಮಹಬೂಬ ಶಾಹಿ ಗಿರಣಿಯಿದ್ದಿತು. ಅದು ಮುಚ್ಚಿಹೋಗಿ ಬಹಳ ವರ್ಷಗಳಾದರೂ ಎಂ. ಎಸ್. ಕೆ. ಮಿಲ್ ಎಂಬ ಹೆಸರು ಆ ಬಡಾವಣೆಗೆ ಇನ್ನೂ ಅಂಟಿಕೊಂಡಿದೆ. ಹಿಂದೂಸ್ಥಾನದ ಬಟ್ಟೆಗಿರಣಿಗಳಲ್ಲಿ ಸಾಮಾನ್ಯವಾಗಿ ಕೂಲಿಗಳನ್ನು ಸೇರಿಸುವ ಅಧಿಕಾರವು ಮಾಲಿಕನ ಕೈಯಲ್ಲಿರಲಿಲ್ಲ. ‘ಜಾಬರ್’ ಇಲ್ಲವೆ ಮುಕಾದಮನೆಂಬವನ ಕೈಯಲ್ಲಿದ್ದಿತು. ಅವನೇ ಹಳ್ಳಿಯಿಂದ ಜನರನ್ನು ಕರೆತರುವವನು, ಅವನೇ ಕೆಲಸ ಕಲಿಸುವವನು, ಅವನೇ ರಜೆ ಕೊಡುವವನು, ಅವನೇ ತೆಗೆದುಹಾಕುವವನು. ಇಷ್ಟೆಲ್ಲ ಅಧಿಕಾರವು ಒಬ್ಬನಲ್ಲಿ ಕೂಡಿದಾಗ ಲಂಚವು ಹುಟ್ಟದೆ ಇದ್ದೀತೆ? ಕೆಲಸ ಸಿಕ್ಕಲು ದಸ್ತೂರಿ, ಉಳಿಯಲು ದಸ್ತೂರಿ, ಬಿಟ್ಟುಹೋದವನು ಮರಳಿ ಸೇರಲು ಮತ್ತೊಂದು ದಸ್ತೂರಿ. 1929ರಲ್ಲಿ ನೇಮಕವಾದ ಕಾರ್ಮಿಕರ ರಾಯಲ್ ಆಯೋಗವು 1931ರ ತನ್ನ ವರದಿಯಲ್ಲಿ ಈ ದುಷ್ಟಪದ್ಧತಿಯನ್ನು ಖಂಡಿಸಿ, ನೇಮಕದ ಕೆಲಸವನ್ನು ಜಾಬರನಿಂದ ತೆಗೆದು ಒಬ್ಬ ಪ್ರತ್ಯೇಕ ಕಾರ್ಮಿಕ ಅಧಿಕಾರಿಗೆ ವಹಿಸಬೇಕೆಂದು ಶಿಫಾರಸು ಮಾಡಿತು. ಇಂದು ದೊಡ್ಡ ಕಂಪನಿಗಳಲ್ಲಿ ‘ಎಚ್. ಆರ್.’ ಎಂದು ಎರಡಕ್ಷರಗಳಿಂದ ಕರೆಯಿಸಿಕೊಳ್ಳುವ ಇಲಾಖೆಯವರ ಹಿಂದೆ ಇಂತಹ ಒಂದು ಇತಿಹಾಸವಿದೆ. ನೇಮಕದಲ್ಲಿ ಒಂದು ನಿಯಮವಿರಬೇಕು, ನಿಯಮವು ಎಲ್ಲರಿಗೂ ಒಂದೇ ಆಗಿರಬೇಕು ಎಂಬುದು ಬಡವರ ಕಣ್ಣೀರಿನಿಂದ ಗಳಿಸಿದ ತತ್ತ್ವವಾಗಿದೆ.

ಆದುದರಿಂದ ಈಗಿನ ಪರೀಕ್ಷೆಗಳನ್ನು ನಾವು ಹಳಿಯಲಾರೆವು. ಪ್ರಕಟಣೆಯು ಮೊಬೈಲಿನಲ್ಲಿ ಎಲ್ಲರಿಗೂ ಕಾಣುತ್ತದೆ. ಅರ್ಜಿಯನ್ನು ಯಾರಾದರೂ ಹಾಕಬಹುದು. ಲೆಕ್ಕ, ತರ್ಕ, ಭಾಷೆಗಳ ಪ್ರಶ್ನೆಪತ್ರಿಕೆಗೆ ತಂದೆಯ ಹೆಸರೂ ಗೊತ್ತಿಲ್ಲ, ಕೇರಿಯ ಹೆಸರೂ ಗೊತ್ತಿಲ್ಲ. ನಮ್ಮ ಶಹಾಬಜಾರದ ಓಣಿಗಳಿಂದ ಹೋಗಿ ಬೆಂಗಳೂರಿನಲ್ಲಿ, ಪುಣೆಯಲ್ಲಿ, ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಹೆಣ್ಣುಮಕ್ಕಳನ್ನು ಎಣಿಸಿದರೆ, ‘ನಮ್ಮವನು’ ಎಂಬ ಹಳೆಯ ಮಾತು ಇವರನ್ನು ಎಂದಿಗೂ ಇಷ್ಟು ದೂರ ಮುಟ್ಟಿಸುತ್ತಿರಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಆದರೆ ಆಯ್ಕೆಯ ಉಪಾಯಗಳು ಬೆಳೆದ ಹಾಗೆಲ್ಲ ಮನುಷ್ಯನು ಮನುಷ್ಯನನ್ನು ನೋಡುವ ಹೊತ್ತು ಕಿರಿದಾಗುತ್ತ ಬಂದಿದೆ. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಮನುಷ್ಯನಲ್ಲ, ಗಣಕಯಂತ್ರ. ಅದು ತನಗೆ ಹೇಳಿಕೊಟ್ಟ ಪದಗಳಿಗಾಗಿ ಹುಡುಕಿ, ಅವು ಕಾಣದಿದ್ದರೆ ಪತ್ರವನ್ನು ಬದಿಗಿಡುತ್ತದೆ. ಅದನ್ನು ದಾಟಿದವನಿಗೆ ಪರೀಕ್ಷೆ, ಅದನ್ನೂ ದಾಟಿದವನಿಗೆ ಗುಂಪು ಚರ್ಚೆ, ಕೊನೆಗೆ ಅರ್ಧ ತಾಸಿನ ಸಂದರ್ಶನ. ಗಂಜಿನ ಯಜಮಾನನು ಐದು ವರ್ಷಗಳಲ್ಲಿ ತಿಳಿಯುತ್ತಿದ್ದುದನ್ನು ಈ ಅರ್ಧ ತಾಸಿನಲ್ಲಿ ತಿಳಿಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗನು ಆ ಅರ್ಧ ತಾಸಿನ ಬಹುಭಾಗವನ್ನು ಇಂಗ್ಲಿಷಿನ ಕ್ರಿಯಾಪದವನ್ನು ಹುಡುಕುವುದರಲ್ಲಿಯೇ ಕಳೆದುಬಿಡುತ್ತಾನೆ. ಅವನು ಕೆಲಸವನ್ನು ಅರಿಯನೋ ಭಾಷೆಯನ್ನು ಅರಿಯನೋ ಎಂಬುದನ್ನು ಬೇರ್ಪಡಿಸಿ ನೋಡಲು ಎದುರಿಗೆ ಕುಳಿತವರಿಗೆ ವ್ಯವಧಾನವಿರುವುದಿಲ್ಲ.

ಆಯ್ಕೆಯಾದವರ ಪಾಡಾದರೂ ನಿಶ್ಚಿಂತೆಯದೆ? ಇದನ್ನು ಪರರ ಮನೆಯ ಮಾತಾಗಿ ಹೇಳಬೇಕಾಗಿಲ್ಲ. ನಮ್ಮ ಕಿರಿಯ ಮಗಳು ತಾಂತ್ರಿಕ ಪದವಿಯ ಕೊನೆಯ ವರ್ಷದಲ್ಲಿರುವಾಗಲೇ ಒಂದು ಕಂಪನಿಯವರು ಕಾಲೇಜಿಗೆ ಬಂದು ಅವಳನ್ನು ಆರಿಸಿದರು. ಮನೆಯಲ್ಲಿ ಹೋಳಿಗೆಯಾಯಿತು, ನೆಂಟರಿಗೆಲ್ಲ ಸುದ್ದಿ ಹೋಯಿತು. ಆಮೇಲೆ ಹದಿನಾಲ್ಕು ತಿಂಗಳು ಸೇರಿಕೊಳ್ಳುವ ದಿನದ ಪತ್ರವೇ ಬರಲಿಲ್ಲ. ಬರೆದ ಕಾಗದಗಳಿಗೆಲ್ಲ ಒಂದೇ ಬಗೆಯ ಉತ್ತರ: ದಯವಿಟ್ಟು ಕಾಯಿರಿ. ಬೇರೆ ಕೆಲಸ ಹುಡುಕಿದರೆ ಇದು ತಪ್ಪೀತು, ಹುಡುಕದಿದ್ದರೆ ವರ್ಷವು ವ್ಯರ್ಥವಾದೀತು. ನೆರೆಹೊರೆಯವರು, ‘ಇನ್ನೂ ಹೋಗಲಿಲ್ಲವೇ?’ ಎಂದು ಕೇಳುವುದನ್ನು ತಪ್ಪಿಸಲು ಅವಳು ಸಂಜೆಯ ಹೊತ್ತು ಶರಣಬಸವೇಶ್ವರರ ಗುಡಿಗೆ ಹೋಗುವುದನ್ನೂ ಬಿಟ್ಟಳು. ಕೆಲಸವಿಲ್ಲದವನ ದುಃಖಕ್ಕೆ ಒಂದು ಹೆಸರಾದರೂ ಇದೆ. ಕೆಲಸವು ಸಿಕ್ಕಿಯೂ ಕೈಗೆ ಬಾರದವಳ ದುಃಖಕ್ಕೆ ಹೆಸರೂ ಇಲ್ಲ. ಹದಿನೈದನೆಯ ತಿಂಗಳು ಕರೆ ಬಂದಿತು, ಅವಳು ಹೋದಳು, ಈಗ ಸುಖವಾಗಿದ್ದಾಳೆ. ಆದರೆ ಕರೆಯುವುದೂ ಆರಿಸುವುದೂ ಒಂದು ಮಾತು ಕೊಟ್ಟಂತೆ ಎಂಬುದನ್ನು ವ್ಯಾಪಾರಸ್ಥರು ಮರೆಯಬಾರದೆಂದು ಅಂದಿನಿಂದ ನಾವು ಹೇಳುತ್ತಲೇ ಇದ್ದೇವೆ. ಇಷ್ಟು ಜನರು ಬೇಕಾಗಿಲ್ಲವಾದರೆ ಇಷ್ಟು ಜನರನ್ನು ಕರೆಯಬಾರದು.

ಇನ್ನು ಅನುಭವದ ಪ್ರಶ್ನೆ. ಕಪನೂರಿನ ಕೈಗಾರಿಕಾ ಪ್ರದೇಶದಲ್ಲಿ ಅಡ್ಡಾಡಿ ಬಂದವರಿಗೆ ಗೊತ್ತು. ಬಾಗಿಲಿಗೆ ಬರೆದು ತೂಗಹಾಕಿದ ಹಲಗೆಗಳಲ್ಲಿ ‘ಅನುಭವವುಳ್ಳವರು ಬೇಕಾಗಿದ್ದಾರೆ’ ಎಂಬುದೇ ಹೆಚ್ಚು. ಅನುಭವವು ಯಾರೋ ಒಬ್ಬರು ಮೊದಲು ಕೆಲಸ ಕೊಡದೆ ಎಲ್ಲಿಂದ ಬಂದೀತು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯು ಇದಕ್ಕೆಂದೇ ಹುಟ್ಟಿದಂತಿದೆ. ಪ್ರತಿಯೊಬ್ಬ ಮಾಲಿಕನೂ ಇನ್ನೊಬ್ಬ ಮಾಲಿಕನು ಕಲಿಸಿಟ್ಟ ಕೆಲಸಗಾರನನ್ನೇ ಬಯಸಿದರೆ, ಎಲ್ಲರೂ ಕೊಯ್ಲಿಗೆ ನಿಂತು ಬಿತ್ತುವವರು ಯಾರೂ ಇಲ್ಲದಂತಾಗುತ್ತದೆ. ತೊಗರಿಯ ಕಣಜವೆನಿಸಿದ ಈ ನಾಡಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬನಿದ್ದನು. ಕಲ್ಲು ಒಡೆಯುವವರ ಮನೆಯವನು, ಐ. ಟಿ. ಐ.ಯಲ್ಲಿ ಫಿಟ್ಟರ್ ಕೆಲಸ ಕಲಿತವನು. ಮಾತು ಬಹಳ ಕಡಮೆ. ಎರಡು ವರ್ಷಗಳಲ್ಲಿ ಹನ್ನೊಂದು ಕಡೆ ಸಂದರ್ಶನಕ್ಕೆ ಹೋಗಿ ಹನ್ನೊಂದು ಕಡೆಯಿಂದಲೂ ಬರಿಗೈಯಲ್ಲಿ ಮರಳಿದನು. ಪ್ರತಿಯೊಂದು ಸಲವೂ ನಮ್ಮಿಂದ ನಡತೆಯ ಪತ್ರವನ್ನು ಬರೆಯಿಸಿಕೊಂಡು ಹೋಗುತ್ತಿದ್ದನು. ಹನ್ನೆರಡನೆಯ ಸಲ ಒಂದು ಅಪರೂಪದ ಸಂಗತಿ ನಡೆಯಿತು. ಲೇಥು ಯಂತ್ರಗಳ ಒಂದು ಸಣ್ಣ ಕಾರ್ಯಾಗಾರದ ಒಡೆಯರು ನಮಗೆ ದೂರವಾಣಿ ಮಾಡಿದರು. ನಾವು ಬರೆದ ನೂರಾರು ಪತ್ರಗಳಲ್ಲಿ, ಬರೆದವರು ಬದುಕಿದ್ದಾರೆಂದು ತಿಳಿದು ಮಾತನಾಡಿಸಿದವರು ಇವರೊಬ್ಬರೇ. ಅವರು ಹುಡುಗನ ಅಂಕಗಳನ್ನು ಕೇಳಲಿಲ್ಲ, ನಡತೆಯನ್ನೂ ಕೇಳಲಿಲ್ಲ. ‘ಗುರುಗಳೇ, ಈ ಹುಡುಗ ತಪ್ಪು ಮಾಡಿದಾಗ ಏನು ಮಾಡುತ್ತಾನೆ?’ ಎಂದು ಕೇಳಿದರು. ನಾವು ಸ್ವಲ್ಪ ಯೋಚಿಸಿ ಹೇಳಿದೆವು: ‘ತಾನೇ ಬಂದು ತೋರಿಸುತ್ತಾನೆ, ಆಮೇಲೆ ಬಹಳ ಹೊತ್ತು ಮಾತನಾಡುವುದಿಲ್ಲ.’ ‘ಅಷ್ಟು ಸಾಕು’ ಎಂದು ಅವರು ಇಟ್ಟುಬಿಟ್ಟರು.

ಆಮೇಲೆ ಅವರು ಮಾಡಿದ್ದನ್ನೂ ಹೇಳಬೇಕು. ಹುಡುಗನ ಕೈಗೆ ಒಂದು ಅರವನ್ನೂ ಒಂದು ಕಬ್ಬಿಣದ ತುಂಡನ್ನೂ ಕೊಟ್ಟು, ಅದರ ಆರು ಮುಖಗಳೂ ಒಂದಕ್ಕೊಂದು ಲಂಬವಾಗುವಂತೆ ಉಜ್ಜಲು ಹೇಳಿದರು. ಮೂರು ವಾರ ಅದೇ ಕೆಲಸ. ಸಂಜೆಗೆ ತಾವೇ ಮೂಲೆಮಟ್ಟವನ್ನು ಹಿಡಿದು ಬೆಳಕಿಗೆ ಒಡ್ಡಿ ನೋಡುವರು. ಕೂದಲೆಳೆಯಷ್ಟು ಬೆಳಕು ಕಂಡರೂ ಮರುದಿನ ಮತ್ತೆ. ಇಷ್ಟು ದಿನಗಳ ಸಂಬಳವನ್ನೂ ಅವರು ಕೊಟ್ಟರು. ಈಗ ಆರು ವರ್ಷಗಳಾದವು. ಬೇಳೆಯ ಗಿರಣಿಗಳ ಯಂತ್ರಭಾಗಗಳು ಮುರಿದಾಗ ಹುಡುಕಿಕೊಂಡು ಬರುವುದು ಅವನನ್ನೇ. ಅವನ ಕೈಕೆಳಗೆ ಈಗ ಇಬ್ಬರು ಹುಡುಗರು ಅರ ಹಿಡಿದು ಕುಳಿತಿದ್ದಾರೆ. ಹನ್ನೊಂದು ಕಡೆಯವರು ಅವನನ್ನು ಆರಿಸಲಿಲ್ಲ. ಹನ್ನೆರಡನೆಯವರು ಕೂಡ, ನಿಜವಾಗಿ ನೋಡಿದರೆ, ಆರಿಸಲಿಲ್ಲ, ಕಲಿಸಿದರು. ಒಳ್ಳೆಯ ಆಯ್ಕೆಯೆಂದು ನಾವು ಹೊಗಳುವುದು ಅನೇಕಸಲ ಒಳ್ಳೆಯ ತರಬೇತಿಯೇ ಆಗಿರುತ್ತದೆ.

ಇದು ಸಣ್ಣ ಅಂಗಡಿಯ ಮಾತು ಮಾತ್ರವಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೊದಲು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದವರು. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಮೊದಲಾಗಿ ಕಬ್ಬಿಣದ ನೇಗಿಲಿನ ವರೆಗೆ ಬಂದು, 1910ರಲ್ಲಿ ಔಂಧ ಸಂಸ್ಥಾನದ ರಾಜರು ಕೊಟ್ಟ ಬರಡು ನೆಲದ ಮೇಲೆ ಅವರು ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಕಳ್ಳಿ, ಕಲ್ಲು, ಹಾವುಗಳ ಆ ಬಯಲಿಗೆ ಪಟ್ಟಣದ ಕುಶಲರು ಯಾರು ಬಂದಾರು? ಬಂದವರನ್ನೇ ಅವರು ಕುಶಲರನ್ನಾಗಿ ಮಾಡಬೇಕಾಯಿತು. ಸುತ್ತಲಿನ ಹಳ್ಳಿಗರು, ಓದನ್ನು ಅರ್ಧಕ್ಕೆ ಬಿಟ್ಟವರು ಅಲ್ಲಿ ಎರಕ ಹೊಯ್ಯುವುದನ್ನೂ ಯಂತ್ರ ಜೋಡಿಸುವುದನ್ನೂ ಕಲಿತರು. ಸೆರೆಮನೆಯಿಂದ ಬಿಡುಗಡೆಯಾದವರನ್ನು ರಾತ್ರಿಯ ಕಾವಲಿಗೆ ಇಟ್ಟುಕೊಂಡರೆಂಬುದು ಅವರ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಉದ್ಯೋಗ, ಯೋಗ್ಯ, ಯೋಜನೆ, ನಿಯೋಗ ಈ ಶಬ್ದಗಳೆಲ್ಲ ‘ಯುಜ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು; ಆ ಧಾತುವಿನ ಅರ್ಥ ಜೋಡಿಸುವುದು, ಹೂಡುವುದು. ಯೋಗ್ಯತೆಯೆಂಬುದು ಮನುಷ್ಯನೊಳಗೆ ಗಂಟುಕಟ್ಟಿ ಇಟ್ಟ ಪದಾರ್ಥವಲ್ಲ, ಹೂಡುವವನ ಕೈಯಲ್ಲಿ ಪ್ರಕಟವಾಗುವ ಗುಣ. ಇದನ್ನು ವ್ಯಾಕರಣವು ಹೇಳುತ್ತದೆ. ಕಿರ್ಲೋಸ್ಕರರು ಮಾಡಿ ತೋರಿಸಿದರು.

ಈ ಕಾಲದಲ್ಲಿಯೂ ಅಂತಹ ಉದಾಹರಣೆಗಳಿಲ್ಲದಿಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರಖಾನೆಯವರು 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಬಡ ಹಳ್ಳಿಗಾಡಿನ ಮಕ್ಕಳನ್ನು ಸೇರಿಸಿಕೊಂಡು ಮೂರು ವರ್ಷ ಅಲ್ಲಿಯೇ ಇರಿಸಿ ಕೆಲಸವನ್ನೂ ಶಿಸ್ತನ್ನೂ ಕಲಿಸುತ್ತಾರೆ. ಬಳಿಕ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶ ದೊರೆಯಿತು. ಮೈಸೂರಿನಲ್ಲಿ ಇನ್ಫೋಸಿಸ್ ಸಂಸ್ಥೆಯು ಕಟ್ಟಿಸಿರುವ ತರಬೇತಿ ಕೇಂದ್ರವು ಸಾವಿರಾರು ಜನರಿಗೆ ಒಮ್ಮೆಗೆ ವಸತಿಯನ್ನೂ ಪಾಠವನ್ನೂ ಕೊಡುವಷ್ಟು ದೊಡ್ಡದು. ಅದರ ಸ್ಥಾಪಕರಲ್ಲಿ ಒಬ್ಬರಾದ ನಾರಾಯಣಮೂರ್ತಿಯವರು, ಬರುವವನು ಈಗ ಏನನ್ನು ಬಲ್ಲನೆಂಬುದಕ್ಕಿಂತ ಹೊಸದನ್ನು ಕಲಿಯಬಲ್ಲನೇ ಎಂಬುದನ್ನು ನೋಡಬೇಕೆಂದು ಹೇಳುತ್ತ ಬಂದವರು. ಮಾತು ಯಥಾರ್ಥವಾದದ್ದು. ಆದರೆ 2025ರ ಫೆಬ್ರುವರಿಯಲ್ಲಿ ಅಲ್ಲಿಯೇ, ಮೂರು ಅವಕಾಶಗಳಲ್ಲಿಯೂ ಪರೀಕ್ಷೆಯನ್ನು ದಾಟಲಿಲ್ಲವೆಂಬ ಕಾರಣದಿಂದ ಮುನ್ನೂರಕ್ಕೂ ಮೇಲ್ಪಟ್ಟು ಹೊಸಬರನ್ನು ಮನೆಗೆ ಕಳುಹಿಸಿದ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿತು. ಅವರಲ್ಲಿ ಅನೇಕರು ಆಯ್ಕೆಯಾದ ಮೇಲೆ ಎರಡು ವರ್ಷಗಳ ಮಟ್ಟಿಗೆ ಕಾದಿದ್ದವರು. ನಿಯಮವು ಮೊದಲೇ ತಿಳಿಸಿದ್ದೆಂದು ಸಂಸ್ಥೆಯವರು ಹೇಳಿದರು, ಇರಬಹುದು. ಆದರೂ ಮೂವತ್ತಮೂರು ವರ್ಷ ಮಕ್ಕಳ ನಡುವೆ ಕಳೆದ ನಮಗೆ ಒಂದು ಮಾತು ತೋರುತ್ತದೆ. ಒಂದು ತರಗತಿಯಲ್ಲಿ ಒಬ್ಬನು ನಪಾಸಾದರೆ ಹುಡುಗನನ್ನು ಕೇಳಬೇಕು. ನೂರಾರು ಜನರು ನಪಾಸಾದರೆ ಮಾಸ್ತರನನ್ನೂ ಕೇಳಬೇಕು. ಕಾಲಿದಾಸನು ತನ್ನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರಲ್ಲಿ ಹೆಚ್ಚಿನವರು ಯಾರೆಂಬ ಜಗಳವನ್ನು ತಂದಾಗ, ಆಚಾರ್ಯರನ್ನು ಕುಣಿಸುವುದಿಲ್ಲ. ಶಿಷ್ಯೆಯನ್ನು ರಂಗಕ್ಕೆ ತರುತ್ತಾನೆ.

ಕಲಿಸಿದರೆ ಕಲಿತವನು ಬಿಟ್ಟುಹೋಗುತ್ತಾನೆ, ನಮ್ಮ ಖರ್ಚು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಅನೇಕ ವ್ಯಾಪಾರಸ್ಥರು ನಮ್ಮೊಡನೆ ವಾದಿಸಿದ್ದಾರೆ. ಇದರಲ್ಲಿ ಸತ್ಯಾಂಶವಿಲ್ಲವೆನ್ನಲಾರೆವು. ಆದರೆ ಬಿಟ್ಟುಹೋಗುವನೆಂಬ ಭಯದಿಂದ ಕಲಿಸದೆ ಇಟ್ಟುಕೊಂಡವನು ಬಿಟ್ಟುಹೋಗದೆ ಉಳಿದುಬಿಟ್ಟರೆ ಅದು ಇನ್ನೂ ದೊಡ್ಡ ನಷ್ಟವಲ್ಲವೇ? ಕಾನೂನು ಕೂಡ ಈಗ ಸ್ವಲ್ಪ ಕೈ ನೀಡಿದೆ. 1961ರ ಶಿಕ್ಷಾರ್ಥಿಗಳ ಕಾಯಿದೆ, ಅದರ ಈಚಿನ ತಿದ್ದುಪಡಿಗಳ ಪ್ರಕಾರ, ಮೂವತ್ತು ಅಥವಾ ಹೆಚ್ಚು ಜನರು ಕೆಲಸಮಾಡುವ ಉದ್ಯಮಗಳು ತಮ್ಮ ಸಂಖ್ಯೆಯ ಶೇಕಡಾ 2.5ರಿಂದ 15ರ ವರೆಗೆ ಶಿಕ್ಷಾರ್ಥಿಗಳನ್ನು ವಿದ್ಯಾರ್ಥಿವೇತನ ಕೊಟ್ಟು ಇಟ್ಟುಕೊಳ್ಳಬೇಕು. ಹಳೆಯ ಉಮೇದುವಾರನು ಸಂಬಳವಿಲ್ಲದೆ ಕಾಯುತ್ತಿದ್ದನು. ಈಗಿನ ಶಿಕ್ಷಾರ್ಥಿಗೆ ಅಷ್ಟರ ಮಟ್ಟಿಗೆ ಮರ್ಯಾದೆ ಬಂದಿದೆ. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಯು ನಮ್ಮ ಕಲಬುರಗಿಯಲ್ಲಿಯೂ ಇದೆ. ಅಲ್ಲಿ ಪಾಠಕ್ಕಿಂತ ಯಂತ್ರದ ಮುಂದೆ ನಿಲ್ಲುವುದೇ ಹೆಚ್ಚು. ಇಂತಹ ಬಾಗಿಲುಗಳಿವೆಯೆಂಬುದನ್ನು ತಂದೆತಾಯಿಗಳು ಮಕ್ಕಳಿಗೆ ಹತ್ತನೆಯ ತರಗತಿಯಲ್ಲಿಯೇ ತಿಳಿಸುವುದು ಹಿತಕರ.

ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಕಳೆದ ವರ್ಷ ನಮ್ಮ ಪಡಸಾಲೆಗೆ ಒಬ್ಬ ತಾಯಿ ಒಂದು ಪತ್ರವನ್ನು ತಂದು ತೋರಿಸಿದಳು. ಮಗನಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿದೆಯೆಂದೂ ತರಬೇತಿಯ ಠೇವಣಿಗಾಗಿ ಇಷ್ಟು ಹಣವನ್ನು ಮೊಬೈಲಿನ ಮೂಲಕ ಕಳುಹಿಸಬೇಕೆಂದೂ ಅದರಲ್ಲಿತ್ತು. ಮುದ್ರೆಯಿದ್ದಿತು, ಸಹಿಯಿದ್ದಿತು, ಕಾಗುಣಿತ ಮಾತ್ರ ಸರಿಯಿರಲಿಲ್ಲ. ಅವಳು ಕಿವಿಯ ಬೆಂಡೋಲೆಗಳನ್ನು ಅಡವಿಡಲು ಹೊರಟಿದ್ದಳು. ಕಾಗುಣಿತದ ತಪ್ಪು ಅವಳ ಬೆಂಡೋಲೆಗಳನ್ನು ಉಳಿಸಿತು. ನಿಜವಾಗಿ ಕೆಲಸ ಕೊಡುವವನು ಹಣ ಕೊಡುತ್ತಾನೆಯೇ ಹೊರತು ಕೇಳುವುದಿಲ್ಲ. ನೇಮಕಕ್ಕೆ ಮೊದಲು ಹಣ ಕೇಳಿದವನು ಯಾರೇ ಆಗಲಿ, ಅವನು ಗಿರಣಿಯ ಆ ಹಳೆಯ ಜಾಬರನ ಮೊಮ್ಮಗನೇ ಸರಿ.

ವಾಚಕ ಮಹಾಶಯರಲ್ಲಿ ಕೊನೆಯದಾಗಿ ಒಂದು ಅರಿಕೆ. ಮನೆಯಲ್ಲಿ ಮಗನಿಗೋ ಮಗಳಿಗೋ ಕೆಲಸದ ಕರೆ ಬಂದಾಗ ನಾವೆಲ್ಲರೂ ಮೊದಲು ಕೇಳುವ ಪ್ರಶ್ನೆ ‘ಪಗಾರ ಎಷ್ಟು?’ ಎಂಬುದು. ಅದು ಬೇಡವೆನ್ನುವುದಿಲ್ಲ, ಅಕ್ಕಿಯ ಅಂಗಡಿಯವನು ಆದರ್ಶಗಳನ್ನು ತೂಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅದರ ಜೊತೆಗೆ ಇನ್ನು ಮೂರು ಪ್ರಶ್ನೆಗಳನ್ನು ಕೇಳಿರಿ. ಮೊದಲ ಆರು ತಿಂಗಳು ನಿನಗೆ ಅಲ್ಲಿ ಯಾರು ಕಲಿಸುತ್ತಾರೆ? ಐದು ವರ್ಷಗಳ ಹಿಂದೆ ಅಲ್ಲಿಗೆ ಸೇರಿದವರು ಈಗ ಏನು ಮಾಡುತ್ತಿದ್ದಾರೆ? ತಪ್ಪು ಮಾಡಿದವನನ್ನು ಅಲ್ಲಿ ತಿದ್ದುತ್ತಾರೋ ತೆಗೆಯುತ್ತಾರೋ? ಈ ಮೂರಕ್ಕೆ ಸಮಾಧಾನಕರವಾದ ಉತ್ತರ ಬಂದರೆ, ಸಂಬಳವು ಒಂದೆರಡು ಸಾವಿರ ಕಡಮೆಯಾದರೂ ಮಕ್ಕಳನ್ನು ಧೈರ್ಯದಿಂದ ಕಳುಹಿಸಿಕೊಡಬಹುದು. ‘ತರಬೇತಿ’ ಎಂಬ ಮಾತು ಅರಬ್ಬಿಯ ‘ತರಬಿಯತ್’ ಎಂಬುದರಿಂದ ಬಂದದ್ದು. ಮಕ್ಕಳನ್ನು ಸಾಕಿ ಬೆಳೆಸುವುದೆಂದು ಅದರ ಅರ್ಥ. ‘ಶಿಕ್ಷ್’ ಎಂಬ ನಮ್ಮ ಸಂಸ್ಕೃತದ ಮಾತು ‘ಶಕ್’ ಧಾತುವಿಗೆ ಇಚ್ಛೆಯ ಪ್ರತ್ಯಯ ಸೇರಿ ಆದದ್ದು. ಶಕ್ತನಾಗಬೇಕೆಂಬ ಬಯಕೆಯೆಂದು ಅದರ ಅರ್ಥ. ಬಯಕೆಯನ್ನು ಹುಡುಗನು ತಂದಿರುತ್ತಾನೆ. ಸಾಕಿ ಬೆಳೆಸುವ ಮನಸ್ಸು ಯಜಮಾನನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಇನ್ನು ಮುಂದೆ ನಾವೂ ಸಂದರ್ಶನ ಮಾಡಿ ತಿಳಿದುಕೊಳ್ಳುವುದು ಯುಕ್ತವಾಗಿದೆ.